ತಂಬೂರಿಯ ಎದುರಿನ ಒಂದು ಗಂಟೆ: ಶ್ರೇಷ್ಠತೆಯೂ ತನ್ನತನವೂ ರೂಢಿಯಾಗುವ ಬಗೆ

ಬೆಳೆಯುವ ಮಕ್ಕಳಿಗೆ ನಾವು ಎರಡು ಮಾತುಗಳನ್ನು ಒಟ್ಟೊಟ್ಟಿಗೆ ಹೇಳುತ್ತೇವೆ. ಮಾಡುವುದನ್ನು ಇನ್ನೂ ಚೆನ್ನಾಗಿ ಮಾಡು ಎಂಬುದು ಒಂದು. ಯಾರ ಹಾಗೂ ಆಗಬೇಡ, ನೀನು ನೀನಾಗಿಯೇ ಇರು ಎಂಬುದು ಇನ್ನೊಂದು. ಕೇಳುವಾಗ ಎರಡೂ ಸರಿಯೆನಿಸಿದರೂ ಸ್ವಲ್ಪ ತಡೆದು ಯೋಚಿಸಿದರೆ ಅವು ಒಂದನ್ನೊಂದು ಎಳೆದಾಡುತ್ತವೆ: ಮೊದಲನೆಯದು ಈಗಿರುವ ನೀನು ಸಾಲದು ಎನ್ನುತ್ತದೆ, ಎರಡನೆಯದು ಈಗಿರುವ ನಿನ್ನನ್ನು ಬಿಟ್ಟುಕೊಡಬೇಡ ಎನ್ನುತ್ತದೆ. ಇವೆರಡನ್ನೂ ದಿನನಿತ್ಯದ ರೂಢಿ ಮಾಡಿಕೊಳ್ಳಬೇಕು ಎಂಬ ಮೂರನೆಯ ಮಾತು ಸೇರಿದಾಗ ಗಂಟು ಇನ್ನಷ್ಟು ಬಿಗಿಯಾಗುತ್ತದೆ. ರೂಢಿ ಎಂದರೆ ಮನಸ್ಸು ಕೊಡದೆಯೂ ನಡೆದುಹೋಗುವ ಕೆಲಸ. ಶ್ರೇಷ್ಠತೆಗೆ ಪೂರ್ತಿ ಮನಸ್ಸು ಬೇಕು, ತನ್ನತನಕ್ಕೆ ಒಳಗಿನ ಒತ್ತಾಸೆ ಬೇಕು. ಮನಸ್ಸಿಲ್ಲದ ರೂಢಿಯಿಂದ ಮನಸ್ಸು ಬೇಡುವ ಈ ಎರಡೂ ಹುಟ್ಟುವುದು ಹೇಗೆ?

ಈ ಪ್ರಶ್ನೆಗೆ ಉಪದೇಶದಿಂದ ಉತ್ತರ ಕೊಡುವುದಕ್ಕಿಂತ, ಉತ್ತರ ಕಿವಿಗೆ ಕೇಳುವಂತಿರುವ ಒಂದು ಜಾಗವನ್ನು ತೋರಿಸುವುದು ಮೇಲು. ಧಾರವಾಡ, ಹುಬ್ಬಳ್ಳಿ, ಕುಂದಗೋಳದ ಸುತ್ತಣ ನೆಲದಲ್ಲಿ ಬೆಳೆದ ಹಿಂದುಸ್ತಾನಿ ಗಾಯಕರ ರಿಯಾಜು, ಅಂದರೆ ದಿನನಿತ್ಯದ ಅಭ್ಯಾಸ, ಅಂಥ ಜಾಗ. ಕುಂದಗೋಳದ ಸವಾಯಿ ಗಂಧರ್ವರು (1886–1952) ಕಿರಾಣಾ ಘರಾಣೆಯ, ಅಂದರೆ ಆ ಹೆಸರಿನ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನರ ಶಿಷ್ಯರು. ಅವರ ಬಳಿ ಗಂಗೂಬಾಯಿ ಹಾನಗಲ್ಲರೂ ಕಲಿತರು, ಭೀಮಸೇನ ಜೋಶಿಯವರೂ ಕಲಿತರು. ಗುರು ಒಬ್ಬರೇ, ಘರಾಣೆ ಒಂದೇ, ಬಹುಪಾಲು ರಾಗಗಳೂ ಅವೇ. ಆದರೂ ಇಬ್ಬರ ಧ್ವನಿಮುದ್ರಿಕೆಯನ್ನು ಅರ್ಧ ನಿಮಿಷ ಕೇಳಿದವರು ಒಬ್ಬರನ್ನು ಇನ್ನೊಬ್ಬರೆಂದು ಎಂದೂ ತಪ್ಪು ತಿಳಿಯಲಾರರು. ಒಂದೇ ಪಾಠವನ್ನು ದಿನವೂ ಉರು ಹೊಡೆದವರು ಒಂದೇ ಥರ ಆಗಬೇಕಿತ್ತು; ಅವರಿಬ್ಬರೂ ತಮ್ಮ ತಮ್ಮ ಹಾಗೆ ಆದರು. ಇದು ಹೇಗಾಯಿತು ಎಂದು ತಿಳಿದರೆ ಮೊದಲು ಹೇಳಿದ ಗಂಟು ಬಿಚ್ಚುತ್ತದೆ ಎಂಬುದು ನನ್ನ ನಂಬಿಕೆ.

ಗಾಯಕರು ತಾಲೀಮು, ರಿಯಾಜು ಎಂಬ ಎರಡು ಪದಗಳನ್ನು ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಾರೆ. ಗುರುವಿನ ಎದುರು ಕೂತು ಪಡೆಯುವುದು ತಾಲೀಮು. ಪಡೆದದ್ದನ್ನು ಮನೆಯಲ್ಲಿ, ಒಬ್ಬರೇ, ದಿನವೂ ತಿಕ್ಕುವುದು ರಿಯಾಜು. ಸಾಮಾನ್ಯವಾಗಿ ಇದು ಬೆಳಗಿನ ಜಾವ ಖರಜದಿಂದ, ಅಂದರೆ ಮಂದ್ರದ (ಕೆಳಸ್ಥಾಯಿಯ) ಷಡ್ಜದಿಂದ, ಮೊದಲಾಗುತ್ತದೆ. ಇನ್ನೂ ನಿದ್ದೆಯ ಭಾರ ಇಳಿಯದ ಕಂಠದಲ್ಲಿ ಕೆಳಗಿನ ಸ್ವರವೊಂದನ್ನು ಹಿಡಿದು, ಉಸಿರು ಮುಗಿಯುವವರೆಗೆ ಅಲುಗಾಡದಂತೆ ನಿಲ್ಲಿಸಬೇಕು. ಉಸಿರು ತುಂಬಿಕೊಂಡು ಮತ್ತೆ ಅದನ್ನೇ ಹಿಡಿಯಬೇಕು. ಆಮೇಲೆ ಒಂದೊಂದೇ ಸ್ವರ ಮೇಲೇರುವುದು, ‘ಆ’ ಎಂಬ ಆಕಾರದಲ್ಲಿ ಪಲ್ಟಾಗಳನ್ನು, ಅಂದರೆ ಸ್ವರಗಳ ಏರಿಳಿತದ ವರಸೆಗಳನ್ನು, ಸುತ್ತುವುದು, ಕೊನೆಗೆ ಯಾವುದಾದರೂ ಒಂದು ರಾಗದ ಕೆಲವು ಸಂಗತಿಗಳು, ಅಂದರೆ ಸ್ವರಗುಚ್ಛಗಳು. ಹೊರಗಿನವರ ಕಿವಿಗೆ ಇದರಲ್ಲಿ ಸ್ವಾರಸ್ಯವೇ ಇಲ್ಲ. ಪಕ್ಕದ ಮನೆಯವರಿಗೆ ಒಂದೇ ಸದ್ದು ಗಂಟೆಗಟ್ಟಲೆ ಕೇಳುತ್ತದೆ.

ಆದರೆ ಹಾಡುವವರ ಕಿವಿಗೆ ಕೇಳುವುದು ಬೇರೆ. ಅದಕ್ಕೆ ಕಾರಣ ತಂಬೂರಿ. ಅದರ ನಾಲ್ಕು ತಂತಿಗಳನ್ನು ಸಾಮಾನ್ಯವಾಗಿ ಮಂದ್ರ ಪಂಚಮ, ಮಧ್ಯದಲ್ಲಿ ಒಂದೇ ಸ್ವರದ ಎರಡು ಷಡ್ಜ, ಮಂದ್ರ ಷಡ್ಜ ಎಂದು ಕೂಡಿಸುತ್ತಾರೆ. ತಂತಿಯು ಕುದುರೆಯ (ತಂತಿಗಳನ್ನು ಹೊರುವ ಅಡ್ಡಪಟ್ಟಿಯ) ಮೇಲೆ ಹಾಯುವಲ್ಲಿ ಅದರಡಿ ಹತ್ತಿಯ ಎಳೆಯೊಂದನ್ನು ಸರಿಸಿ ಜವಾರಿ, ಅಂದರೆ ಝೇಂಕಾರ, ಬರಿಸುತ್ತಾರೆ; ಕನ್ನಡದಲ್ಲಿ ಆ ಎಳೆಗೆ ಜೀವಾಳ ಎಂಬ ಸೊಗಸಾದ ಹೆಸರಿದೆ. ಜವಾರಿ ಸರಿಯಾಗಿ ಕೂತಾಗ ಒಂದೇ ತಂತಿಯಿಂದ ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನಾಂಕದ ಮೇಲುಸ್ವರಗಳೂ ಹೊಮ್ಮುತ್ತವೆ. ಐದನೆಯದು ಗಾಂಧಾರ, ಯಾವ ತಂತಿಯನ್ನೂ ಗಾಂಧಾರಕ್ಕೆ ಕೂಡಿಸದಿದ್ದರೂ ಅದು ತಂಬೂರಿಯೊಳಗಿಂದ ತಾನಾಗಿ ಕೇಳಿಬರುತ್ತದೆ. ಈಗ ಹಾಡುಗಾರರ ಷಡ್ಜ ಸ್ವಲ್ಪವೇ ತಪ್ಪಿತೆನ್ನಿ. ತಂತಿ ಸೆಕೆಂಡಿಗೆ 200 ಸಲ ಕಂಪಿಸುತ್ತಿದ್ದು ಕಂಠ 202 ಸಲ ಕಂಪಿಸಿದರೆ, ಎರಡೂ ಸೇರಿ ಸೆಕೆಂಡಿಗೆ ಎರಡು ಸಲ ಏರಿಳಿಯುವ ಒಂದು ಅದುರು ಹುಟ್ಟುತ್ತದೆ. ಸ್ವರ ಸರಿಯಾದ ಜಾಗಕ್ಕೆ ಹತ್ತಿರವಾದಂತೆ ಅದುರು ನಿಧಾನವಾಗುತ್ತದೆ; ಸೇರಿದ ಕ್ಷಣ ಅದು ಇಲ್ಲವಾಗಿ, ಕಂಠವು ತಂಬೂರಿಯ ನಾದದಲ್ಲಿ ಕರಗಿದಂತಾಗುತ್ತದೆ. ಸ್ವರ ಹತ್ತಿತು ಎನ್ನುವುದು ಇದಕ್ಕೇ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಬಗ್ಗೆ ನಮಗೆ ಇರುವ ಅಂದಾಜು ಎಷ್ಟು ನಂಬಲಾಗದ್ದು ಎಂಬುದಕ್ಕೆ ಸ್ವಂತ ಧ್ವನಿಗಿಂತ ಒಳ್ಳೆಯ ಉದಾಹರಣೆ ಸಿಗದು. ನಾವು ಮಾತಾಡುವಾಗ ನಮ್ಮ ಧ್ವನಿ ಗಾಳಿಯ ಮೂಲಕವಷ್ಟೇ ಅಲ್ಲದೆ ತಲೆಬುರುಡೆಯ ಮೂಳೆಯ ಮೂಲಕವೂ ಒಳಕಿವಿಗೆ ತಲುಪುತ್ತದೆ. ಮೂಳೆಯ ದಾರಿ ಕೆಳಸ್ಥಾಯಿಯ ಕಂಪನಗಳನ್ನು ಹೆಚ್ಚು ಚೆನ್ನಾಗಿ ಸಾಗಿಸುವುದರಿಂದ ನಮ್ಮ ಧ್ವನಿ ನಮಗೆ ಇರುವುದಕ್ಕಿಂತ ಗಂಭೀರವಾಗಿ ಕೇಳುತ್ತದೆ. ಮೊದಲ ಸಲ ಧ್ವನಿಮುದ್ರಣದಲ್ಲಿ ತಮ್ಮ ಮಾತನ್ನು ಕೇಳಿಸಿಕೊಂಡವರೆಲ್ಲ ಇದು ನನ್ನ ಧ್ವನಿಯೇ ಎಂದು ಕಸಿವಿಸಿಪಡುವುದು ಇದೇ ಕಾರಣಕ್ಕೆ. ಜಗತ್ತಿಗೆ ಕೇಳುವ ನಾನು ಬೇರೆ, ನನಗೆ ಕೇಳುವ ನಾನು ಬೇರೆ. ತನ್ನತನವನ್ನು ಕಾಪಾಡಿಕೊಳ್ಳುತ್ತೇನೆ ಎನ್ನುವವರು ಮೊದಲು ಎದುರಿಸಬೇಕಾದ ಸಂಗತಿ ಇದು: ಒಳಗಿನಿಂದ ಮಾತ್ರ ನೋಡಿಕೊಂಡರೆ ತನ್ನತನ ಎಂದು ನಾವು ತಬ್ಬಿಕೊಳ್ಳುವುದು ಬಹಳ ಸಲ ನಮ್ಮ ಬಗ್ಗೆ ನಮಗಿರುವ ಒಂದು ಸಲುಗೆಯ ಕಲ್ಪನೆಯೇ ಆಗಿರುತ್ತದೆ. ತಂಬೂರಿ ಆ ಸಲುಗೆ ತೋರುವುದಿಲ್ಲ. ಅದು ಬೈಯುವುದಿಲ್ಲ, ಹೊಗಳುವುದಿಲ್ಲ, ದಣಿಯುವುದೂ ಇಲ್ಲ; ನೀವು ಇರುವ ಜಾಗ ಎಲ್ಲಿ, ಇರಬೇಕಾದ ಜಾಗ ಎಲ್ಲಿ ಎಂಬುದನ್ನು ಮಾತ್ರ ತಿಳಿಸುತ್ತದೆ.

ಹಾಗಾದರೆ ಇದರಲ್ಲಿ ರೂಢಿಯ ಪಾಲು ಯಾವುದು? ಮನಃಶಾಸ್ತ್ರಜ್ಞರು ಹೇಳುವಂತೆ, ಒಂದೇ ಸಂದರ್ಭದಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಆ ಸಂದರ್ಭವೇ ಕೆಲಸವನ್ನು ಎಬ್ಬಿಸತೊಡಗುತ್ತದೆ. ಮಾಡಲೋ ಬೇಡವೋ ಎಂಬ ಒಳಚರ್ಚೆ ಕ್ರಮೇಣ ಇಲ್ಲವಾಗುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸದೊಂದು ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿಯುವ ಕಾಲ ಮಧ್ಯಮ ಲೆಕ್ಕದಲ್ಲಿ 66 ದಿನ. ಆದರೆ ಹನ್ನೆರಡು ವಾರದ ಅಂಕಿಗಳನ್ನು ಮುಂದಕ್ಕೆ ಬೆಳೆಸಿ ಅಂದಾಜಿಸಿದಾಗ, ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನದಿಂದ 254 ದಿನದವರೆಗೆ ಹರಡಿಕೊಂಡಿತ್ತು. ಇಪ್ಪತ್ತೊಂದು ದಿನದಲ್ಲಿ ಬದುಕು ಬದಲಾಯಿಸಿಕೊಳ್ಳಿ ಎಂದು ಸಾರುವವರ ಮಾತನ್ನು ನಂಬಿ, ಇಪ್ಪತ್ತೆರಡನೆಯ ದಿನ ತಮ್ಮಲ್ಲೇ ಏನೋ ಕೊರತೆಯಿದೆಯೆಂದು ಕುಗ್ಗಿಹೋದವರು ಈ ಅಂಕಿಗಳನ್ನು ತಿಳಿದಿರಬೇಕು ಎಂದು ನನಗೆ ತೀವ್ರವಾಗಿ ಅನಿಸುತ್ತದೆ. ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ರೂಢಿಯಾಗುತ್ತದೆ. ಮೈ ದಂಡಿಸುವ ಕೆಲಸಕ್ಕೆ ಹೆಚ್ಚು ದಿನ ಬೇಕಾಗುತ್ತದೆ.

ಇಷ್ಟರಿಂದ ರೂಢಿ ಎಲ್ಲಿ ನಿಲ್ಲಬೇಕು ಎಂಬುದೂ ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದು, ಮುಖ ತೊಳೆದು, ಚಾಪೆ ಹಾಸಿ, ತಂಬೂರಿಯ ಗವಸು ಬಿಚ್ಚಿ, ಶ್ರುತಿ ಕೂಡಿಸಿ ಕೂರುವವರೆಗಿನ ಎಲ್ಲವೂ ರೂಢಿಯಾಗಬೇಕು. ಅಲ್ಲಿ ಯೋಚನೆಗೆ ಎಡೆಯೇ ಇರಬಾರದು. ಕೂತ ಮೇಲೆ ಕೇಳಿಸಿಕೊಳ್ಳುವುದು ಮಾತ್ರ ರೂಢಿಯಾಗಬಾರದು. ಕಂಠ ಹಾಡುತ್ತಿದ್ದು ಕಿವಿ ಬೇರೆಲ್ಲೋ ಇದ್ದರೆ ಅದು ರಿಯಾಜಲ್ಲ. ಹಾಗೆ ಹತ್ತು ವರ್ಷ ಹಾಡಿದವರು ತಮ್ಮ ತಪ್ಪನ್ನೇ ಹತ್ತು ವರ್ಷ ಗಟ್ಟಿ ಮಾಡಿಕೊಂಡಿರುತ್ತಾರೆ. ಸ್ವೀಡನ್ನಿನ ಮನಃಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಸಂಗೀತ ಶಾಲೆಯ ಪಿಟೀಲು ವಿದ್ಯಾರ್ಥಿಗಳ ಬಗ್ಗೆ 1993ರಲ್ಲಿ ಬರೆದ ಪ್ರಬಂಧ ಪರಿಣತಿಗೆ ಹತ್ತು ಸಾವಿರ ಗಂಟೆಗಳ ಅಭ್ಯಾಸ ಎಂಬ ಲೆಕ್ಕಕ್ಕಾಗಿ ಪ್ರಸಿದ್ಧವಾಯಿತು. ಅದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಗಮನಿಕೆ ಬೇರೆಯೇ ಇತ್ತು. ಚೆನ್ನಾಗಿ ನುಡಿಸುತ್ತಿದ್ದವರು ಒಬ್ಬರೇ ಕೂತು ಮಾಡುವ ಅಭ್ಯಾಸಕ್ಕೆ ಹೆಚ್ಚು ಹೊತ್ತು ಕೊಡುತ್ತಿದ್ದರು, ಅದನ್ನು ನಡುನಡುವೆ ಬಿಡುವು ಕೊಟ್ಟು ಮಾಡುತ್ತಿದ್ದರು, ಸಾಕಷ್ಟು ನಿದ್ದೆಯನ್ನೂ ಮಾಡುತ್ತಿದ್ದರು. ಎಚ್ಚರದ ಗಮನ ಬೇಗ ದಣಿಯುವಂಥದ್ದು ಎಂಬುದನ್ನು ಅವರ ದಿನಚರಿಯೇ ಒಪ್ಪಿಕೊಂಡಿತ್ತು. ಅಭ್ಯಾಸವೇ ಸರ್ವಸ್ವವೆಂದೂ ಹೇಳಲಾಗದು: ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಸಂಗೀತದಲ್ಲಿ ಜನರ ನಡುವಿನ ಸಾಮರ್ಥ್ಯದ ವ್ಯತ್ಯಾಸದಲ್ಲಿ ಅಭ್ಯಾಸದ ಪ್ರಮಾಣದಿಂದ ವಿವರಿಸಬಹುದಾದ ಪಾಲು ಶೇ. 21ರಷ್ಟು ಎಂದು ಲೆಕ್ಕ ಹಾಕಿತು. ಉಳಿದದ್ದರಲ್ಲಿ ಹುಟ್ಟು, ಮನೆ, ಗುರು, ಆರಂಭದ ವಯಸ್ಸು, ಅದೃಷ್ಟ ಎಲ್ಲವೂ ಇರಬಹುದು. ಆದರೆ ನಾಳೆ ಬೆಳಿಗ್ಗೆ ನಮ್ಮ ಕೈಯಲ್ಲಿರುವುದು ಅಭ್ಯಾಸದ ಪಾಲೊಂದೇ.

ಗಂಗೂಬಾಯಿ ಹಾನಗಲ್ಲರ (1913–2009) ಕಲಿಕೆಯನ್ನು ಈ ಬೆಳಕಿನಲ್ಲಿ ನೋಡಿದರೆ ಎಷ್ಟೋ ಸ್ಪಷ್ಟವಾಗುತ್ತದೆ. ಕರ್ನಾಟಕ ಸಂಗೀತದ ಗಾಯಕಿ ಅಂಬಾಬಾಯಿಯವರ ಮಗಳಾದ ಅವರು 1930ರ ದಶಕದ ಕೊನೆಯ ಭಾಗದಲ್ಲಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಭೀಮಸೇನರೂ ಆಗ ಅದೇ ಮನೆಯಲ್ಲಿ ಶಿಷ್ಯರಾಗಿದ್ದರು. ಗುರುಗಳು ಒಂದೊಂದೇ ಸಂಗತಿಯನ್ನು, ಅದು ಪಕ್ವವಾಗುವವರೆಗೆ, ಮತ್ತೆ ಮತ್ತೆ ಹಾಡಿಸುತ್ತಿದ್ದರು. ರಾಗಗಳ ಸಂಖ್ಯೆ ಬೆಳೆಸುವ ಆತುರ ಅಲ್ಲಿರಲಿಲ್ಲ. ಜಿಪುಣ ತನ್ನ ಹಣವನ್ನು ಎಣಿಸಿ ಎಣಿಸಿ ಖರ್ಚು ಮಾಡುವಂತೆ ಸ್ವರಗಳನ್ನು ಒಂದೊಂದಾಗಿ ಬಳಸಬೇಕೆಂದು ಗುರುಗಳು ಕಲಿಸಿದರೆಂದು ಗಂಗೂಬಾಯಿಯವರು ಮುಂದೆ ನೆನೆಯುತ್ತಿದ್ದರು. ಅವರ ಆಲಾಪವನ್ನು ಕೇಳಿದವರಿಗೆ ಈ ಹೋಲಿಕೆಯ ಅರ್ಥ ವಿವರಿಸಬೇಕಾಗಿಲ್ಲ: ಮುಂದಿನ ಸ್ವರಕ್ಕೆ ಹೋಗುವ ಮುನ್ನ ಈಗಿನ ಸ್ವರದಲ್ಲಿ ಇರುವುದನ್ನೆಲ್ಲ ಅವರು ತೆಗೆದು ತೋರಿಸುತ್ತಾರೆ. ಶ್ರೇಷ್ಠತೆಯನ್ನು ದಿನದ ಅಳತೆಗೆ ಇಳಿಸುವ ಉಪಾಯ ಇದರಲ್ಲಿದೆ. ದಿನಕ್ಕೆ ದಕ್ಕುವಷ್ಟು ಚಿಕ್ಕದೊಂದನ್ನು ಆರಿಸಿಕೊಂಡು ಅದನ್ನು ಪೂರ್ತಿಯಾಗಿ ಮಾಡುವುದು ಸಾಧ್ಯ. ಒಳ್ಳೆಯ ಗಾಯಕಿಯಾಗುವುದು ಯಾವ ಒಂದು ದಿನದಲ್ಲೂ ಸಾಧ್ಯವಲ್ಲ.

ತನ್ನತನದ ವಿಷಯಕ್ಕೆ ಬಂದರೆ ಅವರ ಬದುಕಿನ ಇನ್ನೊಂದು ಘಟನೆ ಮುಖ್ಯ. 1930ರ ದಶಕದ ಮೊದಲ ಭಾಗದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಅವರ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ಎಳೆಯ, ತೆಳುವಾದ, ಮೇಲುಸ್ಥಾಯಿಯ ಹೆಣ್ಣು ದನಿ. ಆಮೇಲೆ ಗಂಟಲಿನ ತೊಂದರೆಯೂ ಅದರ ಚಿಕಿತ್ಸೆಯೂ ಸೇರಿ ಆ ದನಿ ಹೋಯಿತು. ಅದರ ಜಾಗದಲ್ಲಿ ಗಂಡಸಿನದೋ ಎನ್ನುವಷ್ಟು ದಪ್ಪವಾದ, ಕೆಳಗಿನ ದನಿ ಬಂತು. ಹೆಣ್ಣುಮಕ್ಕಳ ಸಂಗೀತವೆಂದರೆ ಇಂಪು, ಮಾಧುರ್ಯ ಎಂದು ಎಣಿಸುತ್ತಿದ್ದ ಕಾಲದಲ್ಲಿ ಒಬ್ಬ ಗಾಯಕಿಗೆ ಇದು ಸಣ್ಣ ಪೆಟ್ಟಲ್ಲ. ಹೋದ ದನಿಯ ನೆರಳನ್ನು ಗಂಟಲು ಬಿಗಿದು ಮತ್ತೆ ಹುಟ್ಟಿಸುವ ಹಾದಿ ಅವರ ಮುಂದೆ ಇತ್ತು. ಅವರು ಅದನ್ನು ಹಿಡಿಯಲಿಲ್ಲ. ಬಂದ ದನಿಯ ಶ್ರುತಿಗೆ ತಂಬೂರಿಯನ್ನು ಇಳಿಸಿಕೊಂಡು, ಅದರ ತೂಕ, ಅದರ ನೇರತನ ಯಾವುದಕ್ಕೆ ಒದಗುತ್ತದೆಯೋ ಅದನ್ನು ಬೆಳೆಸಿದರು. ಇಂದು ನಾವು ಗಂಗೂಬಾಯಿ ಎಂದು ಗುರುತಿಸುವ ದನಿ ಆ ಎರಡನೆಯದು.

ಇಲ್ಲಿ ತನ್ನತನ ಎಂಬ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನಿರುವುದೇ ಹೀಗೆ, ಬೇಕಾದರೆ ಒಪ್ಪಿಕೊಳ್ಳಿ ಎನ್ನುವುದನ್ನು ಈಚೆಗೆ ನಾವು ತನ್ನತನವೆಂದು ಕರೆಯತೊಡಗಿದ್ದೇವೆ. ಅದು ಹಠವಿರಬಹುದು, ಸೋಮಾರಿತನವಿರಬಹುದು. ಗಂಗೂಬಾಯಿಯವರು ಒಪ್ಪಿಕೊಂಡದ್ದು ತಮ್ಮ ಕಂಠದ ಸ್ವಭಾವವನ್ನು, ಅದರ ದೋಷಗಳನ್ನಲ್ಲ. ದಪ್ಪ ದನಿಗೂ ಶ್ರುತಿ ತಪ್ಪುವ ಪರವಾನಗಿ ಇಲ್ಲ. ಸ್ವಭಾವ ಯಾವುದು, ದೋಷ ಯಾವುದು ಎಂಬ ಈ ವಿಂಗಡಣೆ ಒಂದೇ ದಿನ ಕೂತು ಯೋಚಿಸಿದರೆ ತಿಳಿಯುವಂಥದ್ದಲ್ಲ. ನೂರಾರು ದಿನ ತಿಕ್ಕಿದರೂ ಹೋಗದೆ, ತಿಕ್ಕಿದಷ್ಟೂ ಹೊಳಪು ಬರುವುದು ಸ್ವಭಾವ. ತಿಕ್ಕಿದಾಗ ಸವೆಯುವುದು ದೋಷ. ಆದ್ದರಿಂದಲೇ ರಿಯಾಜು ಒಬ್ಬರನ್ನು ಇನ್ನೊಬ್ಬರಂತೆ ಮಾಡುವುದಿಲ್ಲ. ಎಲ್ಲರಲ್ಲೂ ಒಂದೇ ಥರ ಇರುವ ತಪ್ಪುಗಳನ್ನು ಅದು ಮೊದಲು ಕಳೆಯುತ್ತದೆ. ಕಳೆದ ಮೇಲೆ ಉಳಿಯುವುದು ಅವರವರದು. ಕುಂದಗೋಳದ ಒಂದೇ ಪಾಠದಿಂದ ಎರಡು ದನಿಗಳು ಬಂದದ್ದು ಹೀಗೆ.

ಮಲ್ಲಿಕಾರ್ಜುನ ಮನ್ಸೂರರ ಹಾದಿ ಇದಕ್ಕೆ ಇನ್ನೊಂದು ಮಗ್ಗುಲನ್ನು ಸೇರಿಸುತ್ತದೆ. ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಧ್ವನಿಮುದ್ರಿಕೆಗಳೂ ಹೊರಬಂದು, ಹೆಸರಾದ ಮೇಲೆ ಅವರು 1930ರ ದಶಕದ ನಡುವಿನಲ್ಲಿ ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಬಳಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಆ ಘರಾಣೆಯ ತಾನುಗಳ, ಅಂದರೆ ವೇಗದ ಸ್ವರಸಾಲುಗಳ, ಸುತ್ತುಗಳು ಗ್ವಾಲಿಯರಿನವಕ್ಕಿಂತ ಬೇರೆ. ಕಲಿತದ್ದನ್ನು ಸಡಿಲಿಸಿಕೊಳ್ಳದೆ ಹೊಸದು ಕೂರುವುದಿಲ್ಲ. ಮಂಜೀಖಾನರು 1937ರಲ್ಲಿ ತೀರಿಕೊಂಡಾಗ ಅವರ ತಮ್ಮ ಭೂರ್ಜೀಖಾನರಲ್ಲಿ ಪಾಠ ಮುಂದುವರಿಯಿತು. ಚಪ್ಪಾಳೆ ಸಿಕ್ಕಿದ ಮೇಲೆ ಮತ್ತೆ ಮೊದಲಿನಿಂದ ಕಲಿಯಲು ಕೂರುವುದು ಎಷ್ಟು ಕಷ್ಟ ಎಂಬುದನ್ನು ಯಾವುದೇ ವೃತ್ತಿಯಲ್ಲಿ ಹದಿನೈದು ವರ್ಷ ಕಳೆದವರು ಬಲ್ಲರು. ತಾನು ಈಗ ಹಾಡುತ್ತಿರುವುದಕ್ಕಿಂತ ಹಾಡಬಯಸುವುದು ಬೇರೆ ಎಂದು ತನಗೆ ತಾನೇ ಒಪ್ಪಿಕೊಂಡರೆ ಮಾತ್ರ ಅದು ಸಾಧ್ಯ. ಆ ಒಪ್ಪಿಗೆಯನ್ನೇ ನಾನು ತನ್ನತನದ ಅತ್ಯಂತ ಗಟ್ಟಿಯಾದ ರೂಪವೆಂದು ತಿಳಿಯುತ್ತೇನೆ. ಮುಂದೆ ಅಪರೂಪದ ರಾಗಗಳ, ಎರಡು ರಾಗ ಬೆರೆತ ಜೋಡುರಾಗಗಳ ದೊಡ್ಡ ಭಂಡಾರವನ್ನು ಸಲೀಸಾಗಿ ಹಾಡಿದ ಮನ್ಸೂರರು ಕನ್ನಡದ ವಚನಗಳಿಗೂ ಅದೇ ಕಂಠವನ್ನು ಕೊಟ್ಟರು.

ರಿಯಾಜಿನ ಇನ್ನೊಂದು ಗುಣ ಅದಕ್ಕೆ ಶ್ರೋತೃಗಳಿಲ್ಲದಿರುವುದು. ಯಾರಾದರೂ ಕೇಳುತ್ತಿದ್ದಾರೆಂದ ಕೂಡಲೇ ಹಾಡುಗಾರರ ಗಮನ ತಪ್ಪಿನಿಂದ ಮೆಚ್ಚಿಗೆಯ ಕಡೆಗೆ ತಿರುಗುತ್ತದೆ. ಬರದ ಜಾಗವನ್ನು ಮುಚ್ಚಿ ಬರುವ ಜಾಗವನ್ನು ತೋರಿಸುವ ಜಾಣ್ಮೆ ಎದ್ದು ನಿಲ್ಲುತ್ತದೆ. ಕಛೇರಿಯಲ್ಲಿ ಅದು ಸಹಜ, ಬೇಕಾದದ್ದೂ ಹೌದು. ಅಭ್ಯಾಸದಲ್ಲಿ ಅದು ಕೇಡು. ಈಗ ಅಭ್ಯಾಸವನ್ನೂ ಚಿತ್ರೀಕರಿಸಿ ಜಗತ್ತಿಗೆ ಹಂಚುವ ಪರಿಪಾಠ ಬೆಳೆಯುತ್ತಿದೆ. ಚಿಕ್ಕ ವಯಸ್ಸಿನವರು ಹೀಗೆ ತಮ್ಮ ಹಸಿ ಗಂಟೆಗಳನ್ನೇ ಪ್ರದರ್ಶನಕ್ಕಿಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ತಪ್ಪು ಮಾಡಲು ಅವರಿಗೆ ಇದ್ದ ಒಂದೇ ಒಂದು ಜಾಗ ಕೈತಪ್ಪುತ್ತದೆ. ಧ್ವನಿಮುದ್ರಿಸಿಕೊಂಡು ತಾವೇ ಕೇಳುವುದು ಒಳ್ಳೆಯ ಅಭ್ಯಾಸ. ಅದು ಇನ್ನೊಂದು ತಂಬೂರಿಯಿದ್ದಂತೆ. ಅದನ್ನು ಯಾರಿಗೂ ಕಳಿಸದಿರುವುದು ಅದರ ಅರ್ಧ ಪ್ರಯೋಜನ.

ಹಾಡದವರಿಗೆ ಇದರಿಂದ ಏನು ಸಿಗುತ್ತದೆ? ಬೇರೆ ಕೆಲಸಗಳಿಗೆ ತಂಬೂರಿ ಇರುವುದಿಲ್ಲ; ಅದನ್ನು ಹುಡುಕಿಕೊಳ್ಳುವುದೇ ಮೊದಲ ಕೆಲಸ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಪಾಠ ಚೆನ್ನಾಗಿ ಆಯಿತು ಎಂದು ಅವರಿಗೆ ಅನಿಸುವುದು ತಲೆಬುರುಡೆಯೊಳಗೆ ಕೇಳುವ ದನಿಯಂತೆ, ನಂಬಲಾಗದ್ದು. ತರಗತಿಯ ಕೊನೆಯ ಐದು ನಿಮಿಷದಲ್ಲಿ ಅಂದಿನ ಪಾಠದ ಒಂದೇ ಒಂದು ಲೆಕ್ಕವನ್ನು ಮಕ್ಕಳಿಂದ ಚೀಟಿಯಲ್ಲಿ ಮಾಡಿಸಿ, ಹೆಸರು ಬರೆಸದೆ ಸಂಗ್ರಹಿಸಿ, ಸಂಜೆ ಮನೆಯಲ್ಲಿ ಒಬ್ಬರೇ ಕೂತು ನೋಡಿದರೆ ಎಷ್ಟು ಮಕ್ಕಳು ಯಾವ ಮೆಟ್ಟಿಲಲ್ಲಿ ಎಡವಿದರು ಎಂಬುದು ಕಾಣುತ್ತದೆ. ಹತ್ತು ಮಕ್ಕಳು ಋಣಚಿಹ್ನೆಯನ್ನು ಆವರಣದ ಒಳಗೆ ಒಯ್ಯುವಲ್ಲೇ ತಪ್ಪಿದ್ದರೆ ಅದು ಮೇಷ್ಟ್ರ ವಿವರಣೆಯ ಅದುರು. ಮರುದಿನ ಬದಲಾಯಿಸಬೇಕಾದದ್ದು ಆ ಒಂದು ವಿವರಣೆ ಮಾತ್ರ. ಚೀಟಿಗಳನ್ನು ನೋಡುವ ಕೆಲಸ ಸಂಜೆಯ ಚಹಾದ ಜೊತೆಗೆ ಕಟ್ಟಿಕೊಂಡರೆ ಕೆಲವು ತಿಂಗಳಲ್ಲಿ ರೂಢಿಯಾಗುತ್ತದೆ. ಒಂದೆರಡು ವರ್ಷ ಇದನ್ನು ನಡೆಸಿದ ಮೇಲೆ ಅವರಿಗೆ ಇನ್ನೂ ಒಂದು ಸಂಗತಿ ತಿಳಿಯುತ್ತದೆ: ಕಥೆ ಹೇಳಿ ವಿವರಿಸಿದಾಗ ಮಕ್ಕಳಿಗೆ ಹತ್ತುತ್ತದೆಯೋ, ಬೋರ್ಡಿನ ಮೇಲೆ ಮಾತಿಲ್ಲದೆ ಬಿಡಿಸಿ ತೋರಿಸಿದಾಗಲೋ ಎಂಬುದು. ಅದು ಅವರ ದನಿ. ಬೇರೆ ಮೇಷ್ಟ್ರನ್ನು ನೋಡಿ ನಕಲು ಮಾಡಿದ್ದರೆ ಅದು ಸಿಗುತ್ತಿರಲಿಲ್ಲ, ಯಾರನ್ನೂ ನೋಡದೆ ತನ್ನಷ್ಟಕ್ಕೆ ತಾನಿದ್ದಿದ್ದರೂ ಸಿಗುತ್ತಿರಲಿಲ್ಲ. ಬರೆಯುವವರಿಗೆ ತಾವು ಬರೆದದ್ದನ್ನು ಒಂದು ದಿನ ಬಿಟ್ಟು ಗಟ್ಟಿಯಾಗಿ ಓದುವುದು ತಂಬೂರಿ; ಬಟ್ಟೆ ಹೊಲಿಯುವವರಿಗೆ ತೊಟ್ಟವರು ಕೈಯೆತ್ತಿದಾಗ ಕಂಕುಳಲ್ಲಿ ಬೀಳುವ ನೆರಿಗೆ.

ಈ ದಾರಿಯ ಕಷ್ಟಗಳನ್ನು ಮುಚ್ಚಿಡಬಾರದು. ಬೆಳಗಿನ ಜಾವದ ಶಾಂತ ಗಂಟೆ ಎಲ್ಲರ ಮನೆಯಲ್ಲೂ ಇಲ್ಲ. ನೀರು ಹಿಡಿಯುವ, ಮಕ್ಕಳಿಗೆ ಡಬ್ಬಿ ಕಟ್ಟುವ, ಮೊದಲ ಬಸ್ಸಿಗೆ ಓಡುವ ಹೆಂಗಸರಿಗೆ ಅದು ಸಿಗುವುದು ಮನೆಯ ಉಳಿದವರು ಕೈ ಹಚ್ಚಿದರೆ ಮಾತ್ರ. ರಿಯಾಜು ಜಡವಾಗುವ ಅಪಾಯವೂ ಇದೆ. ಗುರುವಿನ ದನಿಯ ಒರಟುತನ, ಕೈಯಾಡಿಸುವ ರೀತಿಗಳನ್ನೂ ಎತ್ತಿಕೊಂಡು ಅದನ್ನೇ ಪರಂಪರೆಯೆಂದು ಭಾವಿಸುವ ಶಿಷ್ಯರನ್ನು ಸಂಗೀತ ಬಲ್ಲವರೆಲ್ಲ ಕಂಡಿದ್ದಾರೆ. ಅವರು ಕೂರುವುದನ್ನು ಬಿಟ್ಟಿಲ್ಲ, ಕೇಳುವುದನ್ನು ಬಿಟ್ಟಿದ್ದಾರೆ.

ಕೊನೆಯದಾಗಿ, ತಪ್ಪಿದ ದಿನಗಳ ಬಗ್ಗೆ. ಮದುವೆ ಮನೆ, ಜ್ವರ, ಊರಿಗೆ ಹೋಗಿಬರುವುದು ಎಂದು ರೂಢಿ ಮುರಿಯದ ಬದುಕು ಯಾರದೂ ಇಲ್ಲ. ಲ್ಯಾಲಿಯವರ ಅಧ್ಯಯನದಲ್ಲಿ ಒಂದು ದಿನ ಬಿಟ್ಟುಹೋದವರ ರೂಢಿ ಅದರಿಂದ ಹೇಳಿಕೊಳ್ಳುವಷ್ಟು ಕುಂದಲಿಲ್ಲ. ಒಂದು ದಿನ ತಪ್ಪಿತೆಂದು ಎಲ್ಲವೂ ಹಾಳಾಯಿತೆಂದುಕೊಂಡು ಎರಡನೆಯ, ಮೂರನೆಯ ದಿನವನ್ನೂ ಬಿಡುವುದರಲ್ಲಿ ಅಪಾಯ ಹೆಚ್ಚು. ಗಾಯಕರಲ್ಲಿ ಇದಕ್ಕೊಂದು ಕ್ರಮವಿದೆ. ಹದಿನೈದು ದಿನ ಬಿಟ್ಟು ಮರಳಿದವರು ನಿಲ್ಲಿಸಿದ್ದ ರಾಗದಿಂದ ಶುರು ಮಾಡುವುದಿಲ್ಲ, ಕಳೆದ ದಿನಗಳ ಬಾಕಿ ತೀರಿಸಲು ಇಮ್ಮಡಿ ಹೊತ್ತು ಹಾಡುವುದೂ ಇಲ್ಲ. ಹವೆ ಬದಲಾಗಿ ಇಳಿದುಹೋದ ತಂತಿಗಳನ್ನು ಮೊದಲು ಕೂಡಿಸುತ್ತಾರೆ, ಜೀವಾಳವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಜವಾರಿ ಬಂತೇ ಎಂದು ಕಿವಿಯಿಡುತ್ತಾರೆ. ಆಮೇಲೆ ಅರ್ಧ ಗಂಟೆ ಬರೀ ಖರಜ.